ಒಂದು ವರ್ಷ ಹೊರಗಿದ್ದು ಬೆಂಗಳೂರಿಗೆ ವಾಪಸ್ ಬಂದವರೇ, ಅಲ್ಲಿ ಕಲಿತದ್ದನ್ನ ಮನೆಯೊಳಗೆ ಹೇಗೆ ತಂದ್ರಿ?

ಕತ್ರಿಗುಪ್ಪೆ ಹುಡುಗಿ

ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಎಂಜಿನಿಯರಿಂಗ್ ಮುಗಿಸಿ ಒಂದು ಕಂಪನೀಲಿ ಟೆಸ್ಟಿಂಗ್ ಮಾಡ್ತಿದ್ದೆ. ಅದನ್ನ ಬಿಟ್ಟು ಒಂದು ವರ್ಷ ಜರ್ಮನಿಗೆ ಹೋಗಿದ್ದೆ. ಓದೋಕಲ್ಲ, ಐಟಿ ಕೆಲಸಕ್ಕೂ ಅಲ್ಲ. ಅಲ್ಲಿ ಬುಂಡೆಸ್‌ಫ್ರೈವಿಲಿಗನ್‌ಡೀನ್ಸ್ಟ್ ಅಂತ ಸರ್ಕಾರದ ಸ್ವಯಂಸೇವಾ ಯೋಜನೆ ಇದೆ, ಚಿಕ್ಕದಾಗಿ ಬಿಎಫ್‌ಡಿ ಅಂತಾರೆ. ಆಸ್ಪತ್ರೆ, ಶಿಶುವಿಹಾರ, ವೃದ್ಧಾಶ್ರಮ, ಹೀಗೆ ಎಲ್ಲಾದ್ರೂ ಒಂದು ಕಡೆ ಪೂರ್ತಿ ಹೊತ್ತು ಕೆಲಸ. ಸಂಬಳ ಇಲ್ಲ, ಪಾಕೆಟ್ ಮನಿ ಕೊಡ್ತಾರೆ, ಆರೋಗ್ಯ ವಿಮೆ ಅವರೇ ಕಟ್ತಾರೆ. ನನಗೆ ಉಳಿಯೋಕೆ ರೂಮೂ ಕೊಟ್ಟಿದ್ರು. ನಾನಿದ್ದದ್ದು ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಿನ ಒಂದು ವೃದ್ಧಾಶ್ರಮದಲ್ಲಿ. ಬೆಳಿಗ್ಗೆ ತಿಂಡಿ ತಿನ್ನಿಸೋದು, ಸ್ನಾನಕ್ಕೆ ಸಹಾಯ, ಡೈಪರ್ ಬದಲಾಯಿಸೋದು, ಮಧ್ಯಾಹ್ನ ಕೈ ಹಿಡ್ಕೊಂಡು ಕಾರಿಡಾರಲ್ಲಿ ನಡೆಸೋದು. ನನಗೆ ಆ ಕೆಲಸ ತುಂಬಾ ಇಷ್ಟ ಆಯ್ತು. ಇದನ್ನ ಇಲ್ಲಿ ಯಾರಿಗೆ ಹೇಳಿದ್ರೂ ನಂಬಲ್ಲ.

ಬಂದು ಕೆಲವು ತಿಂಗಳಾಯ್ತು. ಮನೇಲಿ ಅಜ್ಜಿ ಇದ್ದಾರೆ, ಅಪ್ಪನ ಅಮ್ಮ. ನಾನು ಹೋಗುವಾಗ ಬರೀ ಹೆಸರು ಮರೀತಿದ್ರು. ಈಗ ಸಂಜೆಯಾದ್ರೆ ‘ಎಮ್ಮೆ ಹಾಲು ಕರೆಯೋ ಹೊತ್ತಾಯ್ತು, ಮನೆಗೆ ಹೋಗ್ಬೇಕು’ ಅಂತ ಬಾಗಿಲ ಹತ್ರ ನಿಂತ್ಕೊಳ್ತಾರೆ. ಆ ಎಮ್ಮೆ ಇದ್ದದ್ದು ಮಾಗಡಿ ಕಡೆ ಊರಲ್ಲಿ, ನಾನು ಹುಟ್ಟೋಕೂ ಮುಂಚೆ. ಅಮ್ಮ ಒಬ್ಬರೇ ಅವರನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸ್ತಾರೆ. ‘ಹಂಗೆ ಎತ್ತಬೇಡ ಅಮ್ಮ, ನಿನ್ನ ಸೊಂಟನೂ ಹೋಗತ್ತೆ, ಅಜ್ಜಿ ಭುಜಾನೂ ಹೋಗತ್ತೆ, ಅಲ್ಲಿ ಇಬ್ಬರಿಲ್ದೆ ಎತ್ತೋ ಹಾಗೇ ಇಲ್ಲ’ ಅಂದೆ. ಅಮ್ಮ ಅಂದಿದ್ದು: ‘ನೀನು ಒಂದು ವರ್ಷ ಯಾರ್ಯಾರ ಅಜ್ಜಿಗೋ ಮಾಡಿ ಬಂದೆ. ನಾನು ಈ ಅಜ್ಜಿಗೆ ಮಾಡ್ತಾನೇ ಇದ್ದೀನಿ. ನನಗೆ ಯಾರು ಸರ್ಟಿಫಿಕೇಟ್ ಕೊಟ್ರು?’

ಅವತ್ತಿಂದ ಬಾಯಿ ಬಿಟ್ಟಿಲ್ಲ. ನೆಂಟರು ‘ಏನು ಗಿಟ್ಟಿಸ್ಕೊಂಡು ಬಂದೆ’ ಅಂತಾರೆ, ಅದನ್ನ ತಡ್ಕೋಬಹುದು. ಅಮ್ಮನ ಮಾತು ತಡ್ಕೊಳ್ಳೋಕಾಗ್ತಿಲ್ಲ. ನೀವೆಲ್ಲ ವಾಪಸ್ ಬಂದ ಮೇಲೆ ಏನು ಮಾಡಿದ್ರಿ? ಜೊತೆಗೆ, ಇಂಟರ್‌ವ್ಯೂಗಳಲ್ಲಿ ಈ ವರ್ಷದ ಬಗ್ಗೆ ಏನು ಹೇಳಬೇಕು?

ಮೈಸೂರು ರೋಡ್ ಮಂದಿ

ಮೊದಲ ಆರು ತಿಂಗಳು ಎಲ್ಲರಿಗೂ ಹಿಂಗೇ. ಊಟ ಸೇರತ್ತೆ, ಮಾತು ಸೇರಲ್ಲ. ತಾಳ್ಮೆ ಇರಲಿ ಸಿಸ್ಟರ್.

ರಿಂಗ್ ರೋಡ್ ಪ್ರಯಾಣಿಕ

ಬೇಜಾರಾಗ್ಬೇಡಿ, ನೇರವಾಗಿ ಹೇಳ್ತೀನಿ. ಇದು ಸೇವೆ ಅಲ್ಲ, ಅಗ್ಗದ ಕೂಲಿ. ಅವರ ದೇಶದಲ್ಲಿ ವಯಸ್ಸಾದವರು ಜಾಸ್ತಿ, ಆ ಕೆಲಸಕ್ಕೆ ಜನ ಇಲ್ಲ. ಹಿಂದೆ ಸೈನ್ಯಕ್ಕೆ ಹೋಗಲ್ಲ ಅಂದ ಹುಡುಗರ ಕೈಲಿ ಕಡ್ಡಾಯವಾಗಿ ಮಾಡಿಸ್ತಿದ್ರು. 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಲ್ಲಿಸಿದ್ರು, ಆ ಹುಡುಗರೂ ನಿಂತ್ರು, ಅದೇ ವರ್ಷ ಈ ಬಿಎಫ್‌ಡಿ ಬಂತು. ಈಗ ನಮ್ಮ ಎಂಜಿನಿಯರ್ ಹುಡುಗೀರು ಪಾಕೆಟ್ ಮನಿಗೆ ಅಲ್ಲಿ ಡೈಪರ್ ಬದಲಾಯಿಸ್ತಾರೆ. ಅಪ್ಪ ಅಮ್ಮ ಲಕ್ಷಗಟ್ಟಲೆ ಫೀಸ್ ಕಟ್ಟಿ ಓದಿಸಿದ್ದು ಇದಕ್ಕಾ?

ಮೈನ್ ದಂಡೆ ಕನ್ನಡಿಗ

ಫ್ರಾಂಕ್‌ಫರ್ಟಲ್ಲಿ ಬಹಳ ವರ್ಷದಿಂದ ಇದ್ದೀನಿ. ರಿಂಗ್ ರೋಡ್ ಅವರು ಹೇಳಿದ ಇತಿಹಾಸ ಸರಿ, ತೀರ್ಮಾನ ಅರ್ಧ ಸರಿ. ಕಾನೂನಿನಲ್ಲಿ ಸ್ಪಷ್ಟವಾಗೇ ಇದೆ, ಸ್ವಯಂಸೇವಕರು ಸಂಬಳದ ಸಿಬ್ಬಂದಿಯ ಜಾಗ ತುಂಬೋ ಹಾಗಿಲ್ಲ, ಜೊತೆಗೆ ನಿಂತು ಸಹಾಯ ಮಾಡಬೇಕು ಅಷ್ಟೇ. 27 ವರ್ಷದೊಳಗಿನವರಿಗೆ ವರ್ಷಕ್ಕೆ 25 ದಿನ ಸೆಮಿನಾರ್ ಇರತ್ತೆ, ಅದಕ್ಕೆ ಕೆಲಸದಿಂದ ಬಿಡಲೇಬೇಕು. ಮತ್ತೆ ಇದು ಹೊರಗಿನವರಿಗಾಗಿ ಮಾಡಿದ್ದಲ್ಲ. ಅಲ್ಲಿನ ಮಕ್ಕಳೇ ಹೈಸ್ಕೂಲ್ ಮುಗಿಸಿ, ಮುಂದೇನು ಓದೋದು ಅಂತ ಗೊತ್ತಾಗದೆ ಇದಕ್ಕೆ ಸೇರ್ತಾರೆ. ಡಾಕ್ಟರ್ ಮಗನೂ ಸೇರ್ತಾನೆ, ಡ್ರೈವರ್ ಮಗಳೂ ಸೇರ್ತಾಳೆ. ಡೈಪರ್ ಬದಲಾಯಿಸಿದ್ರೆ ಯಾರ ಮರ್ಯಾದೆಯೂ ಹೋಗಲ್ಲ ಅಲ್ಲಿ.

ಕತ್ರಿಗುಪ್ಪೆ ಹುಡುಗಿ

ಇಬ್ಬರ ಮಾತೂ ನಿಜ. ಕಾಗದದಲ್ಲಿ ನಾವು ಹೆಚ್ಚುವರಿ ಕೈ. ಜ್ವರದ ಕಾಲದಲ್ಲಿ ನಾಲ್ಕು ಜನ ರಜಾ ಹಾಕಿದ ದಿನ ಯಾರೂ ಹೆಚ್ಚುವರಿ ಅಲ್ಲ, ಎಲ್ಲರೂ ಓಡ್ತಿರ್ತೀವಿ. ಆದ್ರೂ ‘ಅಗ್ಗದ ಕೂಲಿ’ ಅನ್ನೋದನ್ನ ನಾನು ಒಪ್ಪಲ್ಲ. ಅಲ್ಲಿ ನನಗೆ ಕೈ ಹಿಡಿದು ಕಲಿಸಿದ್ದಾರೆ. ಪಾಳಿ ಮುಗಿದಾಗ ಮುಂದಿನವರಿಗೆ ಒಪ್ಪಿಸಿ ಹೋಗೋದು ಅಂತ ಒಂದಿದೆ. ಯಾರು ಎಷ್ಟು ನೀರು ಕುಡಿದ್ರು, ಯಾರ ಹಿಮ್ಮಡಿ ಕೆಂಪಾಗಿದೆ, ಯಾರು ಇವತ್ತು ಮಗನ ನೆನಪಾಗಿ ಅತ್ತರು, ಎಲ್ಲಾ ಹೇಳಿ, ಬರೆದಿಟ್ಟು, ಮನೆಗೆ ಹೋಗಬೇಕು. ಹೋದ ಮೇಲೆ ನಿಜವಾಗ್ಲೂ ಹೋದ ಹಾಗೇ. ನಮ್ಮಮ್ಮನ ಪಾಳಿ ಮುಗಿಯೋದೇ ಇಲ್ವಲ್ಲ ಅನ್ನೋದು ನನಗೆ ಹೊಳೆದಿದ್ದು ಅಲ್ಲಿ, ಇಲ್ಲಿದ್ದಾಗ ಅಲ್ಲ.

ಹುಬ್ಬಳ್ಳಿ ಟು ಹೆಬ್ಬಾಳ

ನೌಕರಿ ಬಿಟ್ಟು ಹೋಗಿ ಬಂದವರಿಗೆ ಇಲ್ಲಿ ಒಂದ ಪ್ರಶ್ನೆ ಕೇಳ್ತಾರ ನೋಡ್ರಿ, ‘ಗ್ಯಾಪ್ ಯಾಕ?’ ನನ್ನ ತಮ್ಮ ಎಂ.ಟೆಕ್ ಸೇರಾಕ ಹೋದಾಗ ನೋಟರಿ ಕಡೆಯಿಂದ ಅಫಿಡವಿಟ್ ಮಾಡಿಸ್ಕೊಂಡು ಬಾ ಅಂದ್ರು, ಆ ವರ್ಷ ಎಲ್ಲಿದ್ದಿ, ಬ್ಯಾರೆ ಕಾಲೇಜಿಗೆ ಸೇರಿದ್ದಿಲ್ಲ ಅಂತ ಬರದು ಕೊಡಬೇಕಂತ. ಇ-ಸ್ಟ್ಯಾಂಪ್ ಕಾಗದ ತಗೊಂಡು, ನೋಟರಿ ಸಹಿ ಮಾಡಿಸಿ ಕೊಟ್ಟ ಮ್ಯಾಲ ಸೀಟು. ಮುಂದ ಓದೋ ವಿಚಾರ ಇದ್ರ ಅದನ್ನ ಮೊದಲ ಮಾಡಿಸಿಟ್ಕೊಳ್ರಿ.

ನೇಮಕಾತಿ ಅಕ್ಕ

ಇಂಟರ್‌ವ್ಯೂ ಪ್ರಶ್ನೆಗೆ ನಾನು ಹೇಳ್ತೀನಿ, ಎಚ್‌ಆರ್‌ನಲ್ಲೇ ಇದ್ದೀನಿ.

ಗ್ಯಾಪ್ ಇದ್ರೆ ಯಾರೂ ನೇಣು ಹಾಕಲ್ಲ. ಮುಚ್ಚಿಟ್ರೆ ಮಾತ್ರ ಕಷ್ಟ. ಬ್ಯಾಕ್‌ಗ್ರೌಂಡ್ ಚೆಕ್‌ನವರು ನಿಮ್ಮ ಯುಎಎನ್, ಅಂದ್ರೆ ಪಿಎಫ್ ನಂಬರ್, ಹಾಕಿ ನೋಡಿದ್ರೆ ಯಾವ ತಿಂಗಳು ಹಣ ಬಿದ್ದಿಲ್ಲ ಅಂತ ಕಾಣತ್ತೆ. ಕೆಲವರು ಹಳೇ ಕಂಪನಿ ದಿನಾಂಕ ಎಳೆದು ಹೊಂದಿಸ್ತಾರೆ, ಅಲ್ಲೇ ಸಿಕ್ಕಿಬೀಳ್ತಾರೆ. ರೆಸ್ಯೂಮೆಯಲ್ಲಿ ಆ ವರ್ಷಕ್ಕೆ ಬೇರೆ ಕೆಲಸಗಳ ಹಾಗೇ ಒಂದು ಸಾಲು ಕೊಡಿ: ಎಲ್ಲಿ, ಯಾವ ಹುದ್ದೆ, ಏನು ಮಾಡಿದೆ. ಬಿಎಫ್‌ಡಿ ಮುಗಿಸಿದವರಿಗೆ ಪ್ರಮಾಣಪತ್ರ ಕೇಳೋ ಹಕ್ಕಿದೆ, ನಿಮ್ಮ ಹತ್ರ ಇರಬೇಕು. ಅದರ ಇಂಗ್ಲಿಷ್ ಪ್ರತಿ ಮಾಡಿಸಿಡಿ.

ಟೆಸ್ಟಿಂಗ್ ಕೆಲಸಕ್ಕೆ ‘ಪಾಳಿ ಬದಲಾಗುವಾಗ ಒಪ್ಪಿಸ್ತಿದ್ದೆ, ಸಣ್ಣ ಬದಲಾವಣೆ ಗಮನಿಸಿ ಬರೆದಿಡ್ತಿದ್ದೆ’ ಅಂತ ಈಗ ಬರೆದ್ರಲ್ಲ, ಅದನ್ನೇ ಹೇಳಿ. ‘ನನ್ನನ್ನ ನಾನು ಹುಡುಕಿಕೊಳ್ಳೋಕೆ ಹೋಗಿದ್ದೆ’ ಅಂತ ಹೇಳೋರು ವಾರಕ್ಕೊಬ್ಬರು ಬರ್ತಾರೆ, ಅವರ ಮುಖವೂ ನೆನಪಿರಲ್ಲ.

ಇನ್ನೊಂದು. ದುಡ್ಡಿಗೆ ಕಷ್ಟ ಆಯ್ತು ಅಂತ ಪಿಎಫ್ ತೆಗೀಬೇಡಿ. ಐದು ವರ್ಷದ ಸೇವೆ ತುಂಬದೆ ತೆಗೆದ್ರೆ ತೆರಿಗೆ ಬೀಳತ್ತೆ.

ಕುಡ್ಲದ ಮಾಣಿ

ನಾನು ಆಸ್ಟ್ರೇಲಿಯಾಕ್ಕೆ ಹೋಗಿ ಬಂದವ ಮಾರಾಯ್ರೆ. 2024ರಲ್ಲಿ ಭಾರತೀಯರಿಗೆ ವರ್ಕ್ ಆಂಡ್ ಹಾಲಿಡೇ ವೀಸಾ ಶುರು ಮಾಡಿದರಲ್ಲ, ವರ್ಷಕ್ಕೆ 1,000 ಜನ, 18ರಿಂದ 30 ವಯಸ್ಸು, ಲಾಟರಿಯಲ್ಲಿ ಹೆಸರು ಬರಬೇಕು. ನನ್ನದು ಬಂತು. ತೋಟದಲ್ಲಿ ಹಣ್ಣು ಕೊಯ್ದೆ, ಹೋಟೆಲಲ್ಲಿ ಪಾತ್ರೆ ತೊಳೆದೆ. ಅಪ್ಪನಿಗೆ ನಾಲ್ಕೆಕ್ರೆ ಅಡಿಕೆ ತೋಟ ಉಂಟು, ಅಲ್ಲಿ ಒಂದು ದಿವಸ ಬುಟ್ಟಿ ಹೊತ್ತವ ಅಲ್ಲ ನಾನು. ವಾಪಸ್ ಬಂದು ‘ತೋಟಕ್ಕೆ ಬರ್ತೇನೆ’ ಅಂತ ಹೇಳಿದರೆ ಅಪ್ಪ ನಂಬಲೇ ಇಲ್ಲ. ಕೆಲಸಕ್ಕೆ ಬೆಂಗಳೂರಿಗೆ ಬಂದು ಕೂತಿದ್ದೇನೆ ಈಗ, ಆದರೆ ಕೊಯ್ಲಿಗೆ ರಜೆ ಹಾಕಿ ಹೋಗ್ತೇನೆ. ಅಕ್ಕ, ನಿಮ್ಮ ಅಮ್ಮನ ಹತ್ರ ಮಾತಾಡಬೇಡಿ, ಮಾಡಿ ತೋರಿಸಿ. ನಮ್ಮ ಅಪ್ಪನಿಗೆ ಅರ್ಥ ಆದದ್ದೇ ಹಾಗೆ.

ಮನಸ್ಸು ಓದೋ ಹುಡುಗ

ಸೈಕಾಲಜಿ ಎಂ.ಎಸ್ಸಿ ಮಾಡ್ತಿದ್ದೀನಿ. ಇದಕ್ಕೆ ರಿವರ್ಸ್ ಕಲ್ಚರ್ ಶಾಕ್ ಅಂತಾರೆ. ಹೊರದೇಶಕ್ಕೆ ಹೋದವರ ತಳಮಳದ ಬಗ್ಗೆ ಓಬರ್ಗ್ ಅನ್ನೋ ಮಾನವಶಾಸ್ತ್ರಜ್ಞರು 1960ರಲ್ಲಿ ಬರೆದ್ರು. ವಾಪಸ್ ಬಂದಾಗಲೂ ಅದೇ ತಳಮಳ ಇನ್ನೊಂದು ಸಲ ಆಗತ್ತೆ ಅಂತ 1963ರಲ್ಲಿ ಗಲ್ಲಾಹಾರ್ನ್ ದಂಪತಿ ತೋರಿಸಿದ್ರು. ಹೋಗುವಾಗ ಹೊಸ ಜಾಗ ಅಂತ ಮನಸ್ಸು ತಯಾರಾಗಿರತ್ತೆ. ಬರುವಾಗ ‘ನಮ್ಮ ಮನೆ ತಾನೇ’ ಅಂತ ತಯಾರೇ ಆಗಿರಲ್ಲ, ಅದಕ್ಕೇ ಜೋರಾಗಿ ಬಡಿಯತ್ತೆ.

ರಿಂಗ್ ರೋಡ್ ಪ್ರಯಾಣಿಕ

ಅವರಿಗೆ ಆಗಿರೋದು ಶಾಕ್ ಅಲ್ಲ ಗುರು. ಅವರಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಬೇಕು. ಹೆಸರಿಟ್ಟ ತಕ್ಷಣ ಸಮಸ್ಯೆ ಹೋಗಲ್ಲ.

ಮನಸ್ಸು ಓದೋ ಹುಡುಗ

ಹೋಗತ್ತೆ ಅಂದಿಲ್ಲ. ‘ನನಗೊಬ್ಬಳಿಗೇ ಹೀಗಾಗ್ತಿದೆ’ ಅನ್ನೋ ಭಯ ಕಮ್ಮಿ ಆಗ್ಲಿ ಅಂತ ಹೇಳಿದೆ.

ಗಾಂಧಿಬಜಾರ್ ಹಳಬ

ನನಗೆ 68. ಒಂದು ಮಾತು ಕೇಳಿಸ್ಕೊಳ್ಳಮ್ಮ. ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲಿ ಇಲ್ಲ. ಆ ದೇಶದವರು ಹೆತ್ತವರನ್ನ ತಂದು ಬಿಟ್ಟು ಹೋಗ್ತಾರೆ, ಅವರನ್ನ ನೋಡ್ಕೊಳ್ಳೋಕೆ ನಮ್ಮ ಮಕ್ಕಳು ಹೋಗ್ತಾರೆ. ನಿಮ್ಮ ಮನೇಲಿ ಅಜ್ಜಿ ಮನೇಲೇ ಇದ್ದಾರಲ್ಲ, ನೀನು ಅದಕ್ಕೆ ಹೆಮ್ಮೆ ಪಡಬೇಕು.

ಮೈನ್ ದಂಡೆ ಕನ್ನಡಿಗ

ಸರ್, ಗೌರವದಿಂದಲೇ ಹೇಳ್ತೀನಿ, ಇದು ತಪ್ಪು ತಿಳುವಳಿಕೆ. ಜರ್ಮನಿಯಲ್ಲಿ ಆರೈಕೆ ಬೇಕಾದ ಪ್ರತಿ ಐದು ಜನರಲ್ಲಿ ನಾಲ್ಕು ಜನಕ್ಕೂ ಹೆಚ್ಚು ಇರೋದು ಅವರವರ ಮನೆಯಲ್ಲೇ. ನೋಡ್ಕೊಳ್ಳೋದು ಹೆಂಡತಿ, ಮಗಳು, ಸೊಸೆ, ಕೆಲವು ಕಡೆ ಮಗ. ವ್ಯತ್ಯಾಸ ಏನು ಅಂದ್ರೆ, 1995ರಲ್ಲಿ ಅಲ್ಲಿ ಆರೈಕೆ ವಿಮೆ ತಂದ್ರು. ಸಂಬಳದಿಂದ ಪ್ರತಿ ತಿಂಗಳು ಅದಕ್ಕೆ ಹಣ ಕಡಿತ ಆಗತ್ತೆ. ವಯಸ್ಸಾದವರಿಗೆ ಎಷ್ಟರ ಮಟ್ಟಿಗೆ ಸಹಾಯ ಬೇಕು ಅಂತ ಮನೆಗೇ ಬಂದು ಪರೀಕ್ಷೆ ಮಾಡ್ತಾರೆ, 2017ರಿಂದ ಅದಕ್ಕೆ ಐದು ದರ್ಜೆ. ಎರಡನೇ ದರ್ಜೆಯಿಂದ ಮೇಲಿದ್ರೆ, ಮನೆಯವರೇ ನೋಡ್ಕೊಂಡ್ರೂ ತಿಂಗಳಿಗೆ ಇಷ್ಟು ಅಂತ ಹಣ ಬರತ್ತೆ. ನೋಡ್ಕೊಳ್ಳೋರಿಗೆ ಹುಷಾರಿಲ್ಲ, ಇಲ್ಲ ನಾಲ್ಕು ದಿನ ಎಲ್ಲಾದ್ರೂ ಹೋಗ್ಬೇಕು ಅಂದ್ರೆ, ಬದಲಿಗೆ ಬರೋರ ಖರ್ಚನ್ನೂ ವಿಮೆ ಕೊಡತ್ತೆ. ಆಶ್ರಮಕ್ಕೆ ಸೇರಿಸೋದು ಸುಲಭವೂ ಅಲ್ಲ, ವಿಮೆ ಕಳೆದು ಕೈಯಿಂದಲೇ ತಿಂಗಳಿಗೆ 2,000 ಯೂರೋಗೂ ಮೇಲೆ ಹೋಗತ್ತೆ.

ಸೊಸೆ ಪರ

ಗಾಂಧಿಬಜಾರ್ ಅಂಕಲ್, ‘ಮನೇಲೇ ಇದ್ದಾರಲ್ಲ’ ಅಂದ್ರಿ. ಮನೆ ನೋಡ್ಕೊಳ್ಳಲ್ಲ, ಆ ಮನೇಲಿ ಇರೋ ಒಬ್ಬ ಹೆಂಗಸು ನೋಡ್ಕೊಳ್ತಾಳೆ. ನಾನು ನಮ್ಮತ್ತೆಗೆ ಕೊನೆವರೆಗೂ ಮಾಡಿದೆ. ಮನಸ್ಸಿಂದಲೇ ಮಾಡಿದೆ, ಪಶ್ಚಾತ್ತಾಪ ಇಲ್ಲ. ಆದ್ರೆ ಅಷ್ಟು ವರ್ಷದಲ್ಲಿ ನನ್ನ ತವರಿನ ಒಂದು ಮದುವೆಗೂ ರಾತ್ರಿ ಉಳಿದಿಲ್ಲ. ಅತ್ತೆಯ ಹೆಣ್ಣುಮಕ್ಕಳು ಹಬ್ಬಕ್ಕೆ ಬಂದು ‘ಅಮ್ಮ ಸೊರಗಿದ್ದಾರಲ್ಲ’ ಅಂತ ನನ್ನ ಮುಖ ನೋಡೋರು. ಸಂಸ್ಕೃತಿ ಅಂದ್ರೆ ಎಲ್ಲರದ್ದೂ ತಾನೇ? ಹಾಗಾದ್ರೆ ಕೆಲಸವೂ ಎಲ್ಲರದ್ದಾಗಲಿ.

ಗಾಂಧಿಬಜಾರ್ ಹಳಬ

ನೀವು ಹೇಳೋದರಲ್ಲಿ ಸತ್ಯ ಇದೆ ತಾಯಿ, ಇಲ್ಲ ಅನ್ನಲ್ಲ. ಆದರೆ ದುಡ್ಡು, ದರ್ಜೆ, ಪಾಳಿ ಅಂತ ಎಲ್ಲಾ ಲೆಕ್ಕಕ್ಕೆ ಬಂದ್ರೆ ಅಕ್ಕರೆ ಎಲ್ಲಿ ಉಳಿಯತ್ತೆ ಅನ್ನೋದು ನನ್ನ ಚಿಂತೆ.

ಕತ್ರಿಗುಪ್ಪೆ ಹುಡುಗಿ

ಅಂಕಲ್, ನನಗೂ ಹೋಗೋ ಮುಂಚೆ ಅದೇ ಚಿಂತೆ ಇತ್ತು. ನಾನು ಕಂಡಿದ್ದು ಬೇರೆ. ಅಲ್ಲಿ ಒಬ್ಬ ನರ್ಸ್ ಇದ್ರು, ಅರವತ್ತರ ಹತ್ರ ವಯಸ್ಸು. ಯಾರಾದ್ರೂ ಹೊಸದಾಗಿ ಸೇರಿದ್ರೆ ಅವರ ಮನೆಯವರನ್ನ ಕೂರಿಸ್ಕೊಂಡು ಕೇಳೋರು: ಮದುವೆಗೆ ಮುಂಚೆ ಏನು ಕೆಲಸ ಮಾಡ್ತಿದ್ರು, ಯಾವ ಹಾಡು ಇಷ್ಟ, ಕಾಫಿಗೆ ಸಕ್ಕರೆ ಎಷ್ಟು, ಯಾವುದಕ್ಕೆ ಹೆದರ್ತಾರೆ. ಅದೆಲ್ಲ ಕಡತದಲ್ಲಿ ಬರೆದಿಡೋದು. ಒಬ್ಬ ಅಜ್ಜ ರಾತ್ರಿ ಎದ್ದು ಎಲ್ಲಾ ಬಾಗಿಲು ಅಲ್ಲಾಡಿಸ್ತಿದ್ರು, ಎಲ್ಲರಿಗೂ ಕಾಟ. ಕಡತ ನೋಡಿದ್ರೆ ಅವರು ಕಾರ್ಖಾನೆಯ ರಾತ್ರಿ ಕಾವಲುಗಾರರಾಗಿದ್ರು. ಆಮೇಲೆ ಅವರ ಜೊತೆ ಯಾರಾದ್ರೂ ಒಂದು ಸುತ್ತು ಹೋಗಿ ಎಲ್ಲಾ ಬಾಗಿಲು ನೋಡಿ ಬರೋರು. ‘ಸರಿ ಇದೆ’ ಅಂತ ಅವರು ಹೋಗಿ ಮಲಗೋರು. ಬರೆದಿಟ್ಟಿದ್ದರಿಂದ ಅಕ್ಕರೆ ಕಮ್ಮಿ ಆಗಲಿಲ್ಲ.

ನಮ್ಮಜ್ಜಿ ಎಮ್ಮೆ ಅಂದಾಗ ಅಪ್ಪ ‘ಎಮ್ಮೆ ಎಲ್ಲಿದೆ ಅಮ್ಮ, ಮಾರಿ ನಲವತ್ತು ವರ್ಷ ಆಯ್ತು’ ಅಂತ ಕೂಗ್ತಾರೆ. ಅಜ್ಜಿ ಅಳ್ತಾರೆ. ಮರುದಿನ ಮತ್ತೆ ಅದೇ.

ಸ್ಟಾಫ್ ನರ್ಸ್ ರಿಟೈರ್ಡ್

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಮಗಳೇ, ನಿನ್ನ ಪೋಸ್ಟ್ ಎರಡು ಸಲ ಓದಿದೆ.

ಮೊದಲು ನಿಮ್ಮಮ್ಮನ ಮಾತು. ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಇಷ್ಟು ದಿನ ಯಾರೂ ಅವರು ಮಾಡೋದನ್ನ ಕೆಲಸ ಅಂತ ಕರೆದಿಲ್ಲ. ನೀನು ಬಂದು ಅದನ್ನ ಕೆಲಸ ಅಂತ ಕರೆದೆ, ಅದೇ ಉಸಿರಲ್ಲಿ ‘ಸರಿಯಾಗಿ ಮಾಡ್ತಿಲ್ಲ’ ಅಂತಲೂ ಅಂದೆ. ಅವರ ಕಿವಿಗೆ ಎರಡನೇದು ಮಾತ್ರ ಬಿತ್ತು. ವಾರ್ಡಿಗೆ ಬರ್ತಿದ್ದ ಹೊಸ ಸ್ಟೂಡೆಂಟ್‌ಗಳಿಗೆ ನಾನು ಹೇಳ್ತಿದ್ದೆ, ರೋಗಿ ಪಕ್ಕ ಕೂತಿರೋ ಮನೆಯವರನ್ನ ಮೊದಲು ಕೇಳಿ, ಅವರಿಗೆ ಗೊತ್ತಿರೋದು ಚಾರ್ಟಲ್ಲಿ ಇರಲ್ಲ ಅಂತ. ನಿಮ್ಮಮ್ಮನ್ನ ಕೇಳು: ಅಜ್ಜಿ ಯಾವ ಮಗ್ಗುಲಿಗೆ ತಿರುಗಿದ್ರೆ ನೋವು ಅಂತಾರೆ, ಯಾವಾಗ ಊಟ ಇಳಿಯತ್ತೆ, ಸಂಜೆ ಅಳು ಹೇಗೆ ನಿಲ್ಲಿಸ್ತೀಯ. ಬರ್ಕೋ. ಅವರ ಕೈ ಕೆಳಗೆ ಒಂದು ವಾರ ಟ್ರೈನಿಂಗ್ ತಗೋ. ಆಮೇಲೆ ಅವರೇ ಕೇಳ್ತಾರೆ, ಅಲ್ಲಿ ಹೇಗೆ ಎತ್ತುತಿದ್ರಿ ಅಂತ.

ಈಗ ಎತ್ತೋ ವಿಷಯ. ಮಂಚ ತೀರಾ ತಗ್ಗಿದ್ರೆ ನಾಲ್ಕೂ ಕಾಲಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಏರಿಸಿ, ಆದ್ರೆ ಕೂತಾಗ ಅಜ್ಜಿಯ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕಂಕುಳಿಗೆ ಕೈ ಹಾಕೋದು ಬೇಡ, ಭುಜದ ಕೀಲು ಜಾರತ್ತೆ. ಅಂಚಿಗೆ ಕೂರಿಸಿ, ಪಾದ ಹಿಂದಕ್ಕೆ ಎಳೆದು, ಮುಂದಕ್ಕೆ ಬಾಗಿಸಿ ಆಮೇಲೆ ಎಬ್ಬಿಸಿ, ಅರ್ಧ ಭಾರ ಅವರ ಕಾಲೇ ಹೊರತ್ತೆ. ಅಜ್ಜಿ ಸೊಂಟಕ್ಕೆ ಕಟ್ಟಿ, ಹಿಡಿದು ಎಬ್ಬಿಸೋ ಅಗಲ ಬೆಲ್ಟ್ ಮೆಡಿಕಲ್ ಸಾಮಾನಿನ ಅಂಗಡೀಲಿ ಸಿಗತ್ತೆ. ಮಲಗಿದವರನ್ನ ಮೇಲಕ್ಕೆ ಸರಿಸೋಕೆ ಹಳೇ ದಪ್ಪ ಬೆಡ್‌ಶೀಟ್ ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆವರೆಗೆ ಅಡಿಗೆ ಹಾಕಿ, ಇಬ್ಬರು ಎರಡು ಕಡೆ ಹಿಡಿದು ಒಟ್ಟಿಗೆ ಸರಿಸಿ, ಎಳೀಬೇಡಿ. ಪೂರ್ತಿ ಹಾಸಿಗೆ ಹಿಡಿದವರಾದ್ರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಬೆನ್ನಿನ ಕೆಳಗೆ, ಹಿಮ್ಮಡಿ, ಸೊಂಟದ ಮೂಳೆ ದಿನಾ ನೋಡಿ. ಕೆಂಪಾಗಿದ್ದ ಜಾಗ ಬೆರಳಲ್ಲಿ ಒತ್ತಿದರೂ ಬೆಳ್ಳಗಾಗದಿದ್ರೆ ಅದು ಹಾಸಿಗೆ ಹುಣ್ಣಿನ ಶುರು, ಅಲ್ಲಿ ತಿಕ್ಕಬಾರದು, ಡಾಕ್ಟರಿಗೆ ತೋರಿಸಿ.

ಎಮ್ಮೆ ವಿಷಯಕ್ಕೆ ವಾದ ಮಾಡ್ಬೇಡಿ ಅಂತ ನಿಮ್ಮಪ್ಪನಿಗೆ ಹೇಳು. ‘ಎಷ್ಟು ಹಾಲು ಕೊಡ್ತಿತ್ತಮ್ಮ?’ ಅಂತ ಕೇಳಲಿ. ಸಂಜೆ ಬೆಳಕು ಇಳಿಯೋ ಮುಂಚೆಯೇ ಮನೇಲಿ ಲೈಟ್ ಹಾಕಿ, ಅದರಿಂದಲೂ ಗಾಬರಿ ಸ್ವಲ್ಪ ಕಮ್ಮಿ ಆಗತ್ತೆ. ಮತ್ತೆ, ಮರೆವು ಅಂತ ನೀವೇ ತೀರ್ಮಾನ ಮಾಡ್ಬೇಡಿ. ಥೈರಾಯ್ಡ್, ಬಿ12 ಕೊರತೆ, ಮೂತ್ರದ ಸೋಂಕು ಇದ್ರೂ ವಯಸ್ಸಾದವರು ಹೀಗೇ ಗೊಂದಲ ಪಡ್ತಾರೆ. ನಿಮ್ಹಾನ್ಸ್‌ನಲ್ಲಿ ವೃದ್ಧರ ಮನೋರೋಗಕ್ಕೇ ವಿಭಾಗ ಇದೆ, ಒಂದು ಸಲ ತೋರಿಸಿ.

ಸೊಸೆ ಪರ

ಅಮ್ಮಾ, ಇದನ್ನ ಎರಡು ವರ್ಷ ಮುಂಚೆ ಬರೆದಿದ್ರೆ ನನ್ನ ಬೆನ್ನು ಉಳೀತಿತ್ತು. ಪ್ರಿಂಟ್ ತೆಗೆದು ಅಕ್ಕನ ಮನೆಗೆ ಕೊಡ್ತೀನಿ.

ವಿಜಯನಗರ ವಾಸಿ

ಹೋಮ್ ನರ್ಸ್ ಇಟ್ಕೊಳ್ಳಿ ಅಂತ ಸುಲಭವಾಗಿ ಹೇಳ್ತಾರೆ. ನಾವು ಏಜೆನ್ಸಿಯಿಂದ ಇಟ್ಕೊಂಡಿದ್ವಿ. ತರಬೇತಿ ಆಗಿದೆ ಅಂದ್ರು, ಬಂದ ಹುಡುಗಿಗೆ ಪಾಪ ಬಿಪಿ ನೋಡೋಕೂ ಬರ್ತಿರಲಿಲ್ಲ. ಅವಳಿಗೆ ಕಲಿಸಿದ್ದು ನಮ್ಮಮ್ಮನೇ. ಕಲಿತ ಮೇಲೆ ಅವಳನ್ನ ಬೇರೆ ಮನೆಗೆ ಕಳಿಸಿ ಹೊಸಬಳನ್ನ ಕಳಿಸಿದ್ರು.

ಕಮ್ಮನಹಳ್ಳಿ ಕಾಫಿ

ಬೆಂಗಳೂರಲ್ಲಿ ಇರೋ ಸೌಕರ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆ ಇರೋರಿಗೇ ಕೇಂದ್ರ ನಡೆಸ್ತಾರೆ. ಹಿರಿಯರ ಸಹಾಯವಾಣಿ 1090, ಅದೂ ನಗರ ಪೊಲೀಸರ ಜೊತೆ ಸೇರಿ ಅವರೇ ನಡೆಸೋದು. ಇಡೀ ದೇಶಕ್ಕೆ 14567 ಇದೆ. ನಮ್ಮ ಮಾವನಿಗೆ ಡೇ ಕೇರ್ ಹುಡುಕುವಾಗ ನಾನು ಅಲ್ಲಿಂದಲೇ ಶುರು ಮಾಡಿದ್ದು.

ಮೆಟ್ರೋ ಮುನಿಯ

ವಿಷಯಾಂತರಕ್ಕೆ ಕ್ಷಮಿಸಿ. ಅಲ್ಲಿಂದ ಬಂದವರಿಗೆ ನಮ್ಮ ಮೆಟ್ರೋ ಟಿಕೆಟ್ ನೋಡಿದ್ರೆ ಏನನ್ಸತ್ತೆ? ಜರ್ಮನಿಯಲ್ಲಿ ತಿಂಗಳ ಪಾಸು 49 ಯೂರೋ, ಇಡೀ ದೇಶ ಸುತ್ತಬಹುದಂತೆ. ನಮ್ಮಲ್ಲಿ 2025ರ ಫೆಬ್ರವರಿಲಿ 60 ಇದ್ದ ಗರಿಷ್ಠ ದರ 90 ಮಾಡಿದ್ರು.

ಮೈನ್ ದಂಡೆ ಕನ್ನಡಿಗ

49 ಇದ್ದದ್ದು 2023ರಲ್ಲಿ. 2025ಕ್ಕೆ 58 ಆಯ್ತು, 2026ಕ್ಕೆ 63. ಅದೂ ಲೋಕಲ್ ರೈಲು, ಬಸ್ಸು, ಟ್ರಾಮ್‌ಗೆ ಮಾತ್ರ, ವೇಗದ ರೈಲಿಗೆ ನಡೆಯಲ್ಲ.

ಕತ್ರಿಗುಪ್ಪೆ ಹುಡುಗಿ

ಆ ಪಾಸೇ ನನ್ನ ರಜಾದಿನ ಉಳಿಸಿದ್ದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರ್ತವೆ, ಮೊದಮೊದಲು ಏನು ಮಾಡ್ಬೇಕು ಅಂತಲೇ ತಿಳೀತಿರಲಿಲ್ಲ. ಎಸ್ಲಿಂಗನ್, ಟ್ಯೂಬಿಂಗನ್ ಅಂತ ರೈಲು ಹತ್ತಿ ಹೋಗ್ಬಿಡ್ತಿದ್ದೆ. ಇಲ್ಲಿಗೆ ಬಂದ ಮೇಲೆ ಬಿಎಂಟಿಸಿ ಶಕ್ತಿ ಟಿಕೆಟ್ ಇದೆಯಲ್ಲ, ಹೆಂಗಸರಿಗೆ ಅದು ಎಷ್ಟು ದೊಡ್ಡದು ಅಂತ ಹೊರಗಿದ್ದು ಬಂದ ಮೇಲೆ ಅರ್ಥ ಆಯ್ತು. ಕೈಯಲ್ಲಿ ದುಡ್ಡಿಲ್ಲದಾಗಲೂ ಹೊರಗೆ ಹೋಗೋಕಾಗೋದು ಸಣ್ಣ ವಿಷಯ ಅಲ್ಲ.

ಹಳಗನ್ನಡ ಪ್ರೇಮಿ

ಟ್ಯೂಬಿಂಗನ್! ಮಂಗಳೂರು ಸಮಾಚಾರ ಪತ್ರಿಕೆ ತಂದ ಕಿಟೆಲ್ ತೀರಿಕೊಂಡ ಊರಲ್ವಾ ಅದು?

ಕುಡ್ಲದ ಮಾಣಿ

ಊರು ಸರಿ, ಪತ್ರಿಕೆ ತಪ್ಪು. ಮಂಗಳೂರು ಸಮಾಚಾರ 1843ರಲ್ಲಿ ಶುರು ಮಾಡಿದ್ದು ಮೋಗ್ಲಿಂಗ್. ಕಿಟೆಲ್ ಬಂದದ್ದು ಅದಾಗಿ ಎಷ್ಟೋ ವರ್ಷದ ನಂತರ, ಅವರ ನಿಘಂಟು 1894ರದ್ದು. ಇಬ್ಬರೂ ಬಾಸೆಲ್ ಮಿಶನ್ನಿನವರು ಅಂತ ಜನ ಕಲಸಿಬಿಡ್ತಾರೆ.

ಕತ್ರಿಗುಪ್ಪೆ ಹುಡುಗಿ

ಹೌದು, ಕಿಟೆಲ್ 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡ್ರು, ಮೋಗ್ಲಿಂಗ್ 1881ರಲ್ಲಿ ಎಸ್ಲಿಂಗನ್‌ನಲ್ಲಿ. ನಮ್ಮ ಎಂ.ಜಿ. ರೋಡಲ್ಲಿ ಕಿಟೆಲ್ ಪ್ರತಿಮೆ ಇದೆ ಅಂತ ಅಲ್ಲಿನ ಒಬ್ಬ ಅಜ್ಜಿಗೆ ಫೋನಲ್ಲಿ ತೋರಿಸಿದೆ. ಅವರು ಶಾಲೆ ಮೇಷ್ಟರಾಗಿದ್ದವರು. ಆಮೇಲೆ ದಿನಾ ನನ್ನ ಕೈಲಿ ಕನ್ನಡ ಅಕ್ಷರ ಬರೆಸಿ ನೋಡೋರು. ಅವರೆಲ್ಲ ಮಾತಾಡೋ ಶ್ವೇಬಿಷ್, ಆ ಕಡೆಯ ಆಡುಮಾತಿನ ಜರ್ಮನ್, ನನಗೆ ತಿಂಗಳುಗಟ್ಟಲೆ ಅರ್ಥ ಆಗ್ತಿರಲಿಲ್ಲ. ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಬಿ1 ಮಟ್ಟದ ಜರ್ಮನ್ ಕಲಿತು ಹೋಗಿದ್ದೆ, ಆದರೂ.

ರಿಂಗ್ ರೋಡ್ ಪ್ರಯಾಣಿಕ

ಚರ್ಚೆ ಎಲ್ಲಿಂದ ಎಲ್ಲಿಗೋ ಹೋಯ್ತು. ನಾನು ಮತ್ತೆ ಕೇಳ್ತೀನಿ. ನಿಮ್ಮ ಹಾಗೆ ಒಂದು ವರ್ಷ ಸಂಬಳ ಬಿಟ್ಟು ಹೋಗೋಕೆ ಎಷ್ಟು ಮನೆಗಳಲ್ಲಿ ಸಾಧ್ಯ? ನಮ್ಮಪ್ಪ ಆಟೋ ಓಡಿಸಿ ನನ್ನ ಓದಿಸಿದ್ರು, ಡಿಗ್ರಿ ಮುಗಿದ ಮರುವಾರವೇ ಕೆಲಸಕ್ಕೆ ಸೇರಿದೆ. ನನಗೂ ಹೋಗೋ ಆಸೆ ಇತ್ತು. ಅದಕ್ಕೇ ಈ ಮಾತು ಬರೋದು, ಹೊಟ್ಟೆಕಿಚ್ಚಿಗಲ್ಲ.

ಕತ್ರಿಗುಪ್ಪೆ ಹುಡುಗಿ

ಅಣ್ಣ, ಇದಕ್ಕೆ ನನ್ನ ಹತ್ರ ವಾದ ಇಲ್ಲ. ನಮ್ಮ ಮನೆ ಸ್ವಂತದ್ದು, ಅಪ್ಪನ ಪೆನ್ಷನ್ ಇದೆ, ನನ್ನ ಮೇಲೆ ಸಾಲ ಇರಲಿಲ್ಲ. ಆದ್ದರಿಂದಲೇ ಹೋಗೋಕಾಯ್ತು. ಹಾಗಾಗಿಯೇ ಆ ವರ್ಷ ನನ್ನ ರೆಸ್ಯೂಮೆಯ ಒಂದು ಸಾಲಾಗಿ ಮುಗಿದು ಹೋಗಬಾರದು ಅನ್ನೋ ಹಟ ನನಗೆ.

ನೇಮಕಾತಿ ಅಕ್ಕ

ರಿಂಗ್ ರೋಡ್ ಅವರೇ, ನಿಮಗಿನ್ನೂ 30 ಆಗಿಲ್ಲ ಅಂದ್ರೆ ಬ್ರಿಟನ್‌ನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ನೋಡಿ. ಡಿಗ್ರಿ ಬೇಕು, ಅದೂ ಲಾಟರಿಯೇ, ವರ್ಷಕ್ಕೆ 3,000 ಭಾರತೀಯರಿಗೆ, ಎರಡು ವರ್ಷ ಇದ್ದು ಸಂಬಳದ ಕೆಲಸವನ್ನೇ ಮಾಡಬಹುದು. ಖಾತೆಯಲ್ಲಿ 2,530 ಪೌಂಡ್ ತೋರಿಸಬೇಕು, ಅದೇ ದೊಡ್ಡ ಅಡ್ಡಿ. ಲಾಟರಿಗೆ ಹೆಸರು ಹಾಕೋಕೆ ದುಡ್ಡಿಲ್ಲ. ದುಡ್ಡು ಕೇಳೋ ಏಜೆಂಟ್ ಸಿಕ್ರೆ ಅಲ್ಲಿಂದ ಎದ್ದು ಬನ್ನಿ.

ರಿಂಗ್ ರೋಡ್ ಪ್ರಯಾಣಿಕ

28. ನೋಡ್ತೀನಿ. ಥ್ಯಾಂಕ್ಸ್.

ಕತ್ರಿಗುಪ್ಪೆ ಹುಡುಗಿ

ಕೆಲವು ವಾರ ಕಳೆದು ಬರೀತಿದ್ದೀನಿ, ಹಲವರು ಮೆಸೇಜ್ ಮಾಡಿ ಕೇಳಿದ್ರು.

ನರ್ಸ್ ಆಂಟಿ ಹೇಳಿದ ಹಾಗೆ ಅಮ್ಮನ ಹಿಂದೆ ನೋಟ್‌ಬುಕ್ ಹಿಡ್ಕೊಂಡು ಓಡಾಡಿದೆ. ಮೊದಲ ದಿನ ‘ಇದೇನು ಹುಡುಗಾಟ’ ಅಂದ್ರು. ಮೂರನೇ ದಿನ ಅವರೇ ಕರೆದು ‘ಇದನ್ನ ಬರ್ಕೋ, ಅಜ್ಜಿಗೆ ಮುದ್ದೆ ಸಣ್ಣ ತುತ್ತು ಮಾಡಿ, ಸೊಪ್ಪಿನ ಸಾರಲ್ಲಿ ಅದ್ದಿ ಕೊಟ್ರೆ ಮಾತ್ರ ಇಳಿಯತ್ತೆ, ಅನ್ನ ಕೆಮ್ಮು ಬರಿಸತ್ತೆ’ ಅಂದ್ರು. ನುಂಗೋ ತೊಂದರೆ ಇರೋರಿಗೆ ಉದುರುದುರು ಅನ್ನ ಗಂಟಲಲ್ಲಿ ಚದುರತ್ತೆ, ಒಂದಾಗಿರೋ ಮೆತ್ತನೆಯದು ಸರಿಯಾಗಿ ಇಳಿಯತ್ತೆ ಅಂತ ನನಗೆ ಅಲ್ಲಿ ಸೆಮಿನಾರಲ್ಲಿ ಹೇಳಿದ್ರು. ಅಮ್ಮ ಅದನ್ನ ಯಾರೂ ಹೇಳದೆ ಕಂಡ್ಕೊಂಡಿದ್ದಾರೆ. ಅದನ್ನ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬೆಲ್ಟ್ ಎಲ್ಲಿ ಸಿಗತ್ತೆ ಅಂತ ಕೇಳಿದ್ರು. ಜಯನಗರದಲ್ಲಿ ತಂದ್ವಿ. ಈಗ ಇಬ್ಬರೂ ಸೇರಿ ಎಬ್ಬಿಸ್ತೀವಿ.

ಡಾಕ್ಟರಿಗೆ ತೋರಿಸಿದ್ವಿ, ಬಿ12 ನಿಜವಾಗ್ಲೂ ಕಮ್ಮಿ ಇತ್ತು, ಇಂಜೆಕ್ಷನ್ ನಡೀತಿದೆ. ಮರೆವಿನ ಕಾಯಿಲೆಯೂ ಇದೆ ಅಂದ್ರು.

ಇನ್ನೊಂದು ದೊಡ್ಡ ಜಗಳ ಆಯ್ತು. ನನ್ನ ಇಬ್ಬರು ಅತ್ತೆಯರು, ಚಿಕ್ಕಪ್ಪ ಎಲ್ಲರನ್ನೂ ಫೋನಲ್ಲಿ ಸೇರಿಸಿ, ಭಾನುವಾರ ಸರದಿ ಮೇಲೆ ಒಬ್ಬೊಬ್ಬರು ಬರ್ಬೇಕು, ಅಮ್ಮನಿಗೆ ಅವತ್ತು ರಜಾ ಅಂದೆ. ದೊಡ್ಡತ್ತೆ ‘ಫಾರಿನ್ನಿಂದ ಇದನ್ನ ಕಲಿತು ಬಂದ್ಯಾ, ಹೆತ್ತವಳಿಗೆ ಪಾಳಿ ಹಾಕೋದು’ ಅಂತ ಫೋನ್ ಇಟ್ರು. ಚಿಕ್ಕಪ್ಪ ಒಪ್ಪಿ ಬಂದ್ರು, ಅಡುಗೆ ಗೊತ್ತಿಲ್ಲ, ಪಾರ್ಸಲ್ ತಂದ್ರು. ಅಮ್ಮ ಬೆಳಿಗ್ಗೆ ಹೊರಟು ಮಲ್ಲೇಶ್ವರದ ತಂಗಿ ಮನೆಗೆ ಹೋಗಿ ರಾತ್ರಿ ಊಟ ಮುಗಿಸಿ ಬಂದ್ರು. ದೊಡ್ಡತ್ತೆ ಇನ್ನೂ ಮಾತಾಡ್ತಿಲ್ಲ. ಆಡದಿದ್ರೂ ಪರವಾಗಿಲ್ಲ, ಸರದಿ ನಿಲ್ಲಿಸಲ್ಲ.

ಕೆಲಸ ಇನ್ನೂ ಸಿಕ್ಕಿಲ್ಲ. ಟೆಸ್ಟಿಂಗ್ ಜೊತೆಗೆ ವೃದ್ಧರ ಆರೈಕೆಗೆ ಸಾಧನ ಮಾಡೋ ಕಂಪನಿಗಳಿಗೂ ಹಾಕ್ತಿದ್ದೀನಿ.

ಗಾಂಧಿಬಜಾರ್ ಹಳಬ

ನಿಮ್ಮ ಚಿಕ್ಕಪ್ಪ ಬಂದಿದ್ದು ಕೇಳಿ ಸಂತೋಷ ಆಯ್ತಮ್ಮ. ನಮ್ಮ ಮನೇಲೂ ಈ ಸರದಿ ಮಾತು ಎತ್ತಿದ್ದೀನಿ, ನಮ್ಮಕ್ಕನಿಗೆ 82.

ಬಿಎಸ್ಸಿ ನರ್ಸಿಂಗ್ ಫೈನಲ್

ಹಾಯ್, ತಡವಾಗಿ ಓದಿದೆ. ನಾನು ಕೊನೇ ವರ್ಷದ ನರ್ಸಿಂಗ್. ನಾನೂ ಈ ಬಿಎಫ್‌ಡಿಗೆ ಹೋಗಬಹುದಾ?

ಮೈನ್ ದಂಡೆ ಕನ್ನಡಿಗ

ಹೋಗಬಹುದು, ಆದ್ರೆ ಹೋಗಬೇಡಿ. ನಿಮ್ಮದು ವೃತ್ತಿಪರ ಪದವಿ, ಪಾಕೆಟ್ ಮನಿಗೆ ಕೆಲಸ ಮಾಡೋ ಅಗತ್ಯ ಇಲ್ಲ. ಜರ್ಮನಿಯಲ್ಲಿ ನಿಮ್ಮ ಪದವಿಗೆ ಮಾನ್ಯತೆ ಮಾಡಿಸ್ಕೊಂಡು ನರ್ಸ್ ಆಗಿಯೇ ಸಂಬಳಕ್ಕೆ ಸೇರಬಹುದು, ಅದಕ್ಕೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಕೇರಳದವರು ಕೇರಳ ಸರ್ಕಾರದ ನೋರ್ಕಾ ಸಂಸ್ಥೆ ಮೂಲಕ ಟ್ರಿಪಲ್ ವಿನ್ ಅನ್ನೋ ಯೋಜನೆಯಲ್ಲಿ ಬರ್ತಾರೆ, ನರ್ಸ್‌ಗಳಿಂದ ದುಡ್ಡು ತಗೊಳ್ಳಲ್ಲ. ಮೊದಲು ಡಿಗ್ರಿ ಮುಗಿಸಿ, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಜೊತೆಗೇ ಜರ್ಮನ್ ಶುರು ಮಾಡಿ. ಯಾವನಾದ್ರೂ ‘ಆರು ತಿಂಗಳಲ್ಲಿ ಕಳಿಸ್ತೀನಿ, ಮೂರು ಲಕ್ಷ ಕೊಡು’ ಅಂದ್ರೆ ಇಲ್ಲಿ ಬಂದು ಕೇಳಿ, ಆಮೇಲೆ ದುಡ್ಡಿನ ಮಾತು.

ಬಿಎಸ್ಸಿ ನರ್ಸಿಂಗ್ ಫೈನಲ್

ನಾಲ್ಕು ಲಕ್ಷ ಕೇಳಿದಾನೆ ಅಣ್ಣ. ನಾಳೆ ಅಡ್ವಾನ್ಸ್ ಕೊಡೋದಿತ್ತು. ಕೊಡಲ್ಲ.